ಪಾವ್ಲೋವ್ ಮತ್ತು ಅವರ ನಾಯಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ರಷ್ಯಾದ ವಿಜ್ಞಾನಿ ಪಾವ್ಲೋವ್ ಬಗ್ಗೆ ಶಾಲೆ, ಕಾಲೇಜುಗಳಲ್ಲಿ ಮಾತಾಡಿ ಮುಗಿಸಿದ ಮೇಲೆ ಮಕ್ಕಳು ಕೇಳಿದವು, ಆಮೇಲೆ ಪತ್ರದಲ್ಲಿ ಬಂದವು, ಬಿ.ಎಡ್‌ಗೆ ಮತ್ತು ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆ) ಓದುವವರು ಫೋನ್ ಮಾಡಿ ಕೇಳಿದವು, ಎಲ್ಲ ಸೇರಿಸಿ ಇಲ್ಲಿಟ್ಟಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭವಾದವು ಮೊದಲು, ಆಳಕ್ಕೆ ಹೋಗುವವು ಆಮೇಲೆ. ನಿಮಗೆ ಬೇಕಾದ ಒಂದನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲ ಪರಿಚಯ

ಪಾವ್ಲೋವ್ ಕಂಡುಹಿಡಿದಿದ್ದು ಏನು ಅಂತ ಸರಳವಾಗಿ ಹೇಳ್ತೀರಾ?

ನಾಯಿಯ ಬಾಯಿಗೆ ಮಾಂಸ ಬಿದ್ದರೆ ಜೊಲ್ಲು ಸುರಿಯುತ್ತದೆ. ಇದನ್ನು ಯಾರೂ ಕಲಿಸಿಲ್ಲ, ಹುಟ್ಟಿನಿಂದಲೇ ಬಂದದ್ದು. ಮೆಟ್ರೊನೋಮ್ (ಒಂದೇ ಲಯದಲ್ಲಿ ತಾಳ ಬಡಿಯುವ ಯಂತ್ರ) ಟಿಕ್ ಟಿಕ್ ಎಂದರೆ ನಾಯಿ ಕಿವಿ ನಿಮಿರಿಸಬಹುದು, ಜೊಲ್ಲು ಬರುವುದಿಲ್ಲ. ಆದರೆ ಆ ಸದ್ದು ಶುರುವಾದ ಕೆಲವು ಸೆಕೆಂಡಿಗೆ ಊಟ ಕೊಡಿ. ಮತ್ತೆ ಮತ್ತೆ ಹಾಗೇ ಮಾಡಿ. ಒಂದು ದಿನ ಊಟ ಬರುವ ಮೊದಲೇ, ಬರೀ ಸದ್ದಿಗೇ ಜೊಲ್ಲು ತೊಟ್ಟಿಕ್ಕುತ್ತದೆ.

ಹೀಗೆ ತಾನಾಗೇ ಬರುವ ಪ್ರತಿಕ್ರಿಯೆಗೆ ಪ್ರತಿವರ್ತನೆ ಎನ್ನುತ್ತಾರೆ. ಹುಟ್ಟಿನಿಂದ ಬಂದದ್ದು ಸಹಜ ಪ್ರತಿವರ್ತನೆ. ಬದುಕಿನಲ್ಲಿ ಹೀಗೆ ಸೇರಿಕೊಂಡದ್ದು ಅನುಬಂಧಿತ ಪ್ರತಿವರ್ತನೆ. ಅರ್ಥವಿಲ್ಲದ ಒಂದು ಸದ್ದು ಆ ನಾಯಿಗೆ ಈಗ ಸೂಚನೆಯಾಗಿದೆ. ‘ಸೂಚನೆ’ ಅನ್ನುವ ಈ ಮಾತನ್ನು ನೆನಪಿಟ್ಟುಕೊಳ್ಳಿ. ಪಾವ್ಲೋವ್ ಅವರ ಕೆಲಸದ ತಿರುಳು ಅದರಲ್ಲೇ ಇದೆ.

ಹುಣಸೆಹಣ್ಣು ನೆನೆಸಿಕೊಂಡ್ರೆ ನಮ್ಮ ಬಾಯಲ್ಲೂ ನೀರೂರುತ್ತೆ. ಅದು ನಮ್ಮಜ್ಜಿಗೂ ಗೊತ್ತಿತ್ತು. ಇದರಲ್ಲಿ ಹೊಸದೇನಿದೆ?

ಒಳ್ಳೇ ಪ್ರಶ್ನೆ. ನಿಮ್ಮಜ್ಜಿಗೆ ಗೊತ್ತಿತ್ತು, ರಷ್ಯಾದ ಅಜ್ಜಿಯರಿಗೂ ಗೊತ್ತಿತ್ತು. ಆದರೆ ಒಂದು ವಿಷಯ ಯೋಚಿಸಿ. ಹುಣಸೆಹಣ್ಣನ್ನು ಒಮ್ಮೆಯೂ ತಿನ್ನದವರ ಮುಂದೆ ಅದನ್ನು ಇಟ್ಟರೆ ಅವರ ಬಾಯಲ್ಲಿ ನೀರೂರುತ್ತದಾ?

ಪಾವ್ಲೋವ್ ಅವರ ಪ್ರಯೋಗಾಲಯದಲ್ಲಿ ಸಿಟೋವಿಚ್ ಎಂಬವರು ಇದನ್ನೇ ಪರೀಕ್ಷಿಸಿದರು. ನಾಯಿಮರಿಗಳನ್ನು ಬರೀ ಹಾಲು ಕೊಟ್ಟು ಬೆಳೆಸಿದರು. ಆಮೇಲೆ ಅವುಗಳ ಮುಂದೆ ಮಾಂಸ, ರೊಟ್ಟಿ ಇಟ್ಟರು. ಒಂದು ಹನಿ ಜೊಲ್ಲೂ ಬರಲಿಲ್ಲ. ಮಾಂಸದ ವಾಸನೆಗೆ ನಾಯಿಯ ಬಾಯಲ್ಲಿ ನೀರೂರುವುದು ಹುಟ್ಟುಗುಣ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ, ಅಲ್ವಾ? ಅದೂ ಕಲಿತದ್ದೇ. ಕೆಲವು ಸಲ ತಿಂದ ಮೇಲಷ್ಟೇ ಮರಿಗಳಿಗೆ ಮಾಂಸ ಕಂಡರೆ ಜೊಲ್ಲು ಬಂತು. ಎಲ್ಲರೂ ಕಂಡಿದ್ದ ಸಂಗತಿಯನ್ನು ಹೀಗೆ ಪರೀಕ್ಷೆಗೆ ಒಡ್ಡಿ, ಹನಿ ಹನಿ ಎಣಿಸಿ, ಅದರ ನಿಯಮ ಹುಡುಕಿದ್ದೇ ಹೊಸದು.

ಇವರು ಮನಶ್ಶಾಸ್ತ್ರಜ್ಞರಾ, ಡಾಕ್ಟರಾ? ಪುಸ್ತಕದಲ್ಲಿ ಒಂದೊಂದು ಕಡೆ ಒಂದೊಂದು ಥರ ಇದೆ.

ಇವಾನ್ ಪೆಟ್ರೋವಿಚ್ ಪಾವ್ಲೋವ್ ಶರೀರಕ್ರಿಯಾ ವಿಜ್ಞಾನಿ, ಅಂದರೆ ದೇಹದ ಅಂಗಗಳು ಹೇಗೆ ಕೆಲಸ ಮಾಡುತ್ತವೆ ಎಂದು ಹುಡುಕುವವರು. ಕೊನೆಯವರೆಗೂ ತಮ್ಮನ್ನು ಹಾಗೇ ಕರೆದುಕೊಂಡರು. ಮನಶ್ಶಾಸ್ತ್ರದವರು ಎಂದರೆ ಅವರಿಗೆ ಅಷ್ಟು ಹಿಡಿಸುತ್ತಿರಲಿಲ್ಲ.

ಹುಟ್ಟಿದ್ದು 1849ರ ಸೆಪ್ಟೆಂಬರ್ 26ರಂದು, ರಷ್ಯಾದ ರಿಯಾಝಾನ್ ಊರಿನಲ್ಲಿ. ಅಪ್ಪ ಚರ್ಚಿನ ಪಾದ್ರಿ. ಚಿಕ್ಕವರಿದ್ದಾಗ ಎತ್ತರದಿಂದ ಬಿದ್ದು ಪೆಟ್ಟಾಗಿ, ಶಾಲೆಗೆ ಸೇರಿದ್ದೇ 11ನೇ ವಯಸ್ಸಿನಲ್ಲಿ. ಅವರೂ ಪಾದ್ರಿಯಾಗಬೇಕೆಂದೇ ಪಾದ್ರಿಗಳನ್ನು ತಯಾರಿಸುವ ಶಾಲೆಯಲ್ಲಿ ಓದುತ್ತಿದ್ದರು. ಆ ಹೊತ್ತಿಗೆ ಇವಾನ್ ಸೆಚೆನೋವ್ 1863ರಲ್ಲಿ ಬರೆದಿದ್ದ ‘ಮೆದುಳಿನ ಪ್ರತಿವರ್ತನೆಗಳು’ ಕೈಗೆ ಸಿಕ್ಕಿತು. ನಮ್ಮ ಯೋಚನೆಯ ಬೇರೂ ನರಗಳ ಪ್ರತಿವರ್ತನೆಯಲ್ಲೇ ಇದೆ ಎಂಬ ಅದರ ವಾದ ಆ ಹುಡುಗನ ತಲೆಯಲ್ಲಿ ಕೂತುಬಿಟ್ಟಿತು. 1870ರಲ್ಲಿ ಆ ಶಾಲೆ ಬಿಟ್ಟು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋದರು. ವಿಜ್ಞಾನ ಓದಿ, ಆಮೇಲೆ ವೈದ್ಯಕೀಯವನ್ನೂ ಓದಿದರು. 1890ರ ಸುಮಾರಿಗೆ ಅಲ್ಲಿನ ಪ್ರಾಯೋಗಿಕ ವೈದ್ಯಕೀಯ ಸಂಸ್ಥೆಯಲ್ಲಿ ಶರೀರಕ್ರಿಯಾ ವಿಭಾಗ ಕಟ್ಟಿದರು. 1936ರ ಫೆಬ್ರವರಿ 27ರಂದು, 86ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ ಪ್ರಯೋಗ ಬಿಡಲಿಲ್ಲ.

ನೊಬೆಲ್ ಸಿಕ್ಕಿದ್ದು ಈ ನಾಯಿ ಪ್ರಯೋಗಕ್ಕೇ ತಾನೇ?

ನಾಯಿ ಪ್ರಯೋಗಕ್ಕೇ, ಆದರೆ ಈ ಪ್ರಯೋಗಕ್ಕಲ್ಲ. 1904ರ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಕೆಲಸಕ್ಕೆ. ರಷ್ಯಾಕ್ಕೆ ಅದೇ ಮೊದಲ ನೊಬೆಲ್. ಪರೀಕ್ಷೆ ಬರೆಯುವವರು ಇಲ್ಲಿ ಜಾಸ್ತಿ ತಪ್ಪುತ್ತಾರೆ, ಗಮನ ಇರಲಿ.

ಜಠರದ ರಸ ಯಾವಾಗ, ಎಷ್ಟು, ಯಾಕೆ ಸುರಿಯುತ್ತದೆ ಎಂದು ಅವರು ಹುಡುಕುತ್ತಿದ್ದರು. ನಾಯಿಯ ಅನ್ನನಾಳವನ್ನು ಕುತ್ತಿಗೆಯ ಹತ್ತಿರ ಹೊರಕ್ಕೆ ತೆರೆಯುವಂತೆ ಶಸ್ತ್ರಚಿಕಿತ್ಸೆ ಮಾಡಿದ್ದರು. ನಾಯಿ ತಿಂದದ್ದು ಹೊಟ್ಟೆ ಸೇರದೆ ಅಲ್ಲಿಂದಲೇ ಹೊರಬೀಳುತ್ತಿತ್ತು. ಆದರೂ ಜಠರದಲ್ಲಿ ರಸ ಸುರಿಯುತ್ತಿತ್ತು! ಅಂದರೆ ಹೊಟ್ಟೆಗೆ ಸುದ್ದಿ ಹೋಗುವುದು ನರಗಳ ಮೂಲಕ. ಹೀಗೆ ಸಿಕ್ಕ ಶುದ್ಧ ಜಠರರಸವನ್ನು ಅಜೀರ್ಣಕ್ಕೆ ಔಷಧಿಯಾಗಿ ಮಾರಿ, ಆ ದುಡ್ಡನ್ನೂ ಪ್ರಯೋಗಾಲಯಕ್ಕೇ ಹಾಕಿದರು. ಪ್ರಶಸ್ತಿ ತೆಗೆದುಕೊಳ್ಳಲು ಸ್ಟಾಕ್‌ಹೋಮ್‌ಗೆ ಹೋದಾಗ ಅವರ ಮನಸ್ಸು ಆಗಲೇ ಜೊಲ್ಲಿನ ಕಡೆ ತಿರುಗಿತ್ತು. ಆ ಭಾಷಣದಲ್ಲೇ ಹೊಸ ಕೆಲಸದ ವಿಷಯ ತೆಗೆದರು.

ನಿಜವಾಗ್ಲೂ ಗಂಟೆ ಬಾರಿಸಿದ್ರಾ? ಬಾರಿಸಲೇ ಇಲ್ಲ ಅಂತಲೂ ಕೇಳಿದೀನಿ.

ವಿದ್ಯುತ್ ಗಂಟೆಯನ್ನು ಬಳಸಿದ್ದುಂಟು. ಆದರೆ ಚಿತ್ರಗಳಲ್ಲಿ ತೋರಿಸುವ ಹಾಗೆ ಕೈಯಲ್ಲಿ ಗಂಟೆ ಹಿಡಿದು ನಾಯಿಯ ಮುಂದೆ ನಿಂತದ್ದಲ್ಲ. ಅವರಿಗೆ ಬೇಕಿದ್ದದ್ದು ಅಳೆದು ಕೊಡಬಹುದಾದ ಸೂಚನೆ. ನಿಮಿಷಕ್ಕೆ ಇಷ್ಟೇ ಸಲ ಬಡಿಯುವ ಮೆಟ್ರೊನೋಮ್. ಒಂದೇ ಸ್ವರ ಹಿಡಿಯುವ ಹಾರ್ಮೋನಿಯಂ. ಬಜರ್, ನೀರಿನ ಗುಳುಗುಳು, ಬೆಳಕು, ಗೋಡೆ ಮೇಲೆ ಬೀಳುವ ವೃತ್ತ, ಚರ್ಮಕ್ಕೆ ಮೆಲ್ಲಗೆ ತಾಗುವ ಮುಳ್ಳುಮುಳ್ಳು ಬ್ರಶ್. ಗಂಟೆಯೊಂದನ್ನೇ ಹಿಡಿದರೆ ಈ ಪ್ರಯೋಗಗಳ ಬೆರಗು ಅರ್ಧ ಕಳೆದುಹೋಗುತ್ತದೆ. ಯಾವ ಸಂಗತಿಯೂ ಸೂಚನೆಯಾಗಬಹುದು ಎನ್ನುವುದೇ ಅವರು ತೋರಿಸಿದ್ದು.

ಹೊತ್ತು ಕೂಡ ಸೂಚನೆಯಾಗುತ್ತದೆ. ಒಂದು ನಾಯಿಗೆ ಸರಿಯಾಗಿ 30 ನಿಮಿಷಕ್ಕೊಮ್ಮೆ ಊಟ ಕೊಡುತ್ತಾ ಬಂದರು. ಒಂದು ಸಲ ಕೊಡಲಿಲ್ಲ. 30ನೇ ನಿಮಿಷದ ಹೊತ್ತಿಗೆ ಜೊಲ್ಲು ಬಂತು. ಸದ್ದಿಲ್ಲ, ಬೆಳಕಿಲ್ಲ, ಬರೀ ಹೊತ್ತು.

ಅನುಬಂಧಿತ, ಷರತ್ತುಬದ್ಧ, ನಿಬಂಧಿತ... ಯಾವ ಪದ ಸರಿ ಸಾರ್?

ಪರೀಕ್ಷೆಗೆ ನಿಮ್ಮ ಪಠ್ಯದಲ್ಲಿರುವ ಪದವನ್ನೇ ಬರೆಯಿರಿ. ಆದರೆ ಅರ್ಥದ ಮಟ್ಟಿಗೆ ‘ಷರತ್ತು’ ಅನ್ನುವುದೇ ನನಗೆ ಹೆಚ್ಚು ಇಷ್ಟ. ಪಾವ್ಲೋವ್ ಬಳಸಿದ ರಷ್ಯನ್ ಪದ ‘ಉಸ್ಲೋವ್ನಿ’. ಅದರ ಬೇರು ‘ಉಸ್ಲೋವಿಯೆ’, ಅಂದರೆ ಷರತ್ತು. ಇಂಗ್ಲಿಷಿಗೆ ಹೋಗುವಾಗ ಅದು ‘ಕಂಡಿಷನಲ್’ ಆಗಬೇಕಿತ್ತು, ‘ಕಂಡಿಷನ್ಡ್’ ಎಂದು ನಿಂತುಬಿಟ್ಟಿತು. ಎರಡಕ್ಕೂ ಬಹಳ ವ್ಯತ್ಯಾಸ ಇದೆ. ‘ಕಂಡಿಷನ್ಡ್’ ಎಂದರೆ ಯಾರೋ ತಿದ್ದಿ ತೀಡಿ ಪಳಗಿಸಿದ್ದು ಎಂಬ ಭಾವ ಬರುತ್ತದೆ. ಪಾವ್ಲೋವ್ ಹೇಳಿದ್ದು ಬೇರೆ: ಈ ಪ್ರತಿವರ್ತನೆ ಇರುವುದು ಷರತ್ತಿನ ಮೇಲೆ. ಸೂಚನೆ ನಿಜವಾಗಿರುವಷ್ಟು ಕಾಲ ಅದೂ ಇರುತ್ತದೆ, ಸುಳ್ಳಾದರೆ ಹೋಗುತ್ತದೆ.

## ಪ್ರಯೋಗಾಲಯದ ಒಳಗೆ

ಜೊಲ್ಲನ್ನು ಅಳೆದದ್ದು ಹೇಗೆ? ಬಾಯಿಗೆ ಲೋಟ ಹಿಡಿದ್ರಾ?

ಕೆನ್ನೆಯ ಒಳಗೆ ಜೊಲ್ಲುಗ್ರಂಥಿಯ ನಾಳ ಬಾಯಿಗೆ ತೆರೆಯುತ್ತದೆ. ಸಣ್ಣ ಶಸ್ತ್ರಚಿಕಿತ್ಸೆ ಮಾಡಿ ಆ ತುದಿಯನ್ನು ಕೆನ್ನೆಯ ಹೊರಗೆ ತಂದು ಹೊಲಿಯುತ್ತಿದ್ದರು. ಈ ವಿಧಾನವನ್ನು ಚೆನ್ನಾಗಿ ರೂಢಿಸಿದವರು ಅದೇ ಪ್ರಯೋಗಾಲಯದ ಡೇವಿಡ್ ಗ್ಲಿನ್ಸ್ಕಿ, 1895ರಲ್ಲಿ. ಗಾಯ ಮಾಯುತ್ತಿತ್ತು, ನಾಯಿ ಮಾಮೂಲಾಗಿ ತಿಂದು ಓಡಾಡಿಕೊಂಡಿರುತ್ತಿತ್ತು. ಪ್ರಯೋಗದ ಹೊತ್ತಿಗೆ ಕೆನ್ನೆಗೆ ಒಂದು ಪುಟ್ಟ ಗಾಜಿನ ಆಲಿಕೆ ಅಂಟಿಸಿದರೆ ಸಾಕು, ಹನಿಗಳನ್ನು ಎಣಿಸಬಹುದು.

ಜೊಲ್ಲನ್ನೇ ಯಾಕೆ ಹಿಡಿದರು ಎಂದರೆ, ಅದು ಬಹಳ ನಿಖರ. ಒಣ ರೊಟ್ಟಿಪುಡಿಗೆ ಜಾಸ್ತಿ ಜೊಲ್ಲು, ಹಸಿ ಮಾಂಸಕ್ಕೆ ಕಡಿಮೆ. ಬಾಯಿಗೆ ಬೆಣಚುಕಲ್ಲು ಹಾಕಿದರೆ ನಾಯಿ ಸುಮ್ನೆ ಉಗುಳಿಬಿಡುತ್ತದೆ, ಜೊಲ್ಲು ಬರುವುದೇ ಇಲ್ಲ ಎನ್ನಬಹುದು. ಅದೇ ಕಲ್ಲನ್ನು ಪುಡಿಮಾಡಿ ಮರಳಾಗಿ ಹಾಕಿದರೆ ಧಾರಾಳ ಜೊಲ್ಲು. ಮರಳನ್ನು ತೊಳೆದು ಹೊರಹಾಕಲು ನೀರು ಬೇಕಲ್ಲ! ಗ್ರಂಥಿಗೆ ಇಷ್ಟು ಲೆಕ್ಕ ಗೊತ್ತು ಎಂಬುದು ಪಾವ್ಲೋವ್ ಅವರನ್ನು ಬೆರಗುಗೊಳಿಸಿತ್ತು. ನನ್ನನ್ನೂ ಅಷ್ಟೇ.

ಒಂದು ದಿನ ಇದ್ದಕ್ಕಿದ್ದಂತೆ ಹೊಳೆಯಿತಾ? ಮೊದಲು ಗಮನಿಸಿದ್ದು ಯಾರು?

ಒಂದೇ ಗಳಿಗೆಯಲ್ಲಿ ಹೊಳೆದದ್ದಲ್ಲ. ಊಟ ಕಂಡರೆ, ಊಟ ತರುವ ಆಳಿನ ಹೆಜ್ಜೆ ಸದ್ದು ಕೇಳಿದರೆ ನಾಯಿಗಳಿಗೆ ಜೊಲ್ಲು ಬರುತ್ತಿತ್ತು. ಜೀರ್ಣಕ್ರಿಯೆ ಅಳೆಯುವವರಿಗೆ ಇದು ಮೊದಮೊದಲು ಲೆಕ್ಕ ಕೆಡಿಸುವ ತೊಂದರೆ. ಅದನ್ನು ‘ಮಾನಸಿಕ ಸ್ರವಿಕೆ’ ಎಂದು ಕರೆದು ಪಕ್ಕಕ್ಕಿಟ್ಟಿದ್ದರು.

1890ರ ದಶಕದ ಕೊನೆಗೆ ಅವರ ಶಿಷ್ಯ ವುಲ್ಫ್‌ಸನ್ ಇದನ್ನೇ ಹಿಡಿದು ಅಳೆದರು. ಬಾಯಿಗೆ ಹಾಕಿದ ವಸ್ತುವಿಗೆ ಬರುವ ಜೊಲ್ಲಿಗೂ, ಆ ವಸ್ತುವನ್ನು ಬರೀ ತೋರಿಸಿದಾಗ ಬರುವ ಜೊಲ್ಲಿಗೂ ಹೋಲಿಕೆ ಸಿಕ್ಕಿತು. ಆಮೇಲೆ ಬಂದವರು ಸ್ನಾರ್ಸ್ಕಿ. ಕಪ್ಪು ಬಣ್ಣ ಹಾಕಿದ ಆಮ್ಲವನ್ನು ನಾಯಿಯ ಬಾಯಿಗೆ ಕೆಲವು ಸಲ ಹಾಕಿದರು. ಆಮೇಲೆ ಬರೀ ಕಪ್ಪು ನೀರು ತೋರಿಸಿದರೂ ಜೊಲ್ಲು ಬಂತು. ಇದನ್ನು ನಾಯಿಯ ಯೋಚನೆ, ಭಾವನೆಗಳಿಂದ ವಿವರಿಸಬೇಕು ಎಂದು ಸ್ನಾರ್ಸ್ಕಿ ಹಠ ಹಿಡಿದರು. ಗುರು ಶಿಷ್ಯರಿಗೆ ಜೋರಾಗಿಯೇ ಭಿನ್ನಾಭಿಪ್ರಾಯ ಬಂತು. ನಾಯಿಯ ಮನಸ್ಸಿನೊಳಗೆ ಏನಿದೆ ಎಂದು ಊಹಿಸಿದರೆ ಇಬ್ಬರ ಊಹೆ ಒಂದಾಗುವುದಿಲ್ಲ, ಜಗಳ ಬಗೆಹರಿಸುವ ದಾರಿಯೂ ಇರುವುದಿಲ್ಲ ಎಂದು ಪಾವ್ಲೋವ್‌ಗೆ ಮನವರಿಕೆಯಾದದ್ದು ಈ ಹೊತ್ತಿನಲ್ಲೇ. ‘ನಾಯಿಗೆ ಆಸೆಯಾಯಿತು’, ‘ನಾಯಿ ಊಹಿಸಿತು’ ಎನ್ನುವ ಮಾತುಗಳನ್ನು ಪ್ರಯೋಗಾಲಯದಲ್ಲಿ ನಿಷೇಧಿಸಿದರು. ಮುಂದೆ ಟೊಲೊಚಿನೋವ್ ಎಂಬ ವೈದ್ಯರ ಜೊತೆ ಹೊಸ ದಾರಿ ಹಿಡಿದರು. 1903ರಲ್ಲಿ ಮ್ಯಾಡ್ರಿಡ್‌ನ ವೈದ್ಯಕೀಯ ಸಮ್ಮೇಳನದಲ್ಲಿ ಈ ವಿಷಯವನ್ನು ಜಗತ್ತಿನ ಮುಂದೆ ಇಟ್ಟರು.

ಕಪ್ಪು ನೀರಿನ ಪ್ರಯೋಗ ನಡೆದದ್ದು ಸ್ನಾರ್ಸ್ಕಿಯ ಕೈಯಲ್ಲಿ ಎಂಬುದನ್ನು ನಾನು ಪ್ರತಿಸಲ ಒತ್ತಿ ಹೇಳುತ್ತೇನೆ. ಹತ್ತಾರು ಶಿಷ್ಯರ ದುಡಿಮೆ ಇದು.

ಊಟ ಕೊಟ್ಟ ಮೇಲೆ ಸದ್ದು ಮಾಡಿದ್ರೂ ಆಗುತ್ತಾ?

ಬಹುಮಟ್ಟಿಗೆ ಆಗುವುದಿಲ್ಲ. ಇದಕ್ಕೆ ಅವರ ಪ್ರಯೋಗಾಲಯದ ಒಂದು ದಾಖಲೆ ಇದೆ. ಒಂದು ನಾಯಿಯ ಬಾಯಿಗೆ ಮೊದಲು ಆಮ್ಲ ಹಾಕಿ, 5–10 ಸೆಕೆಂಡಿನ ನಂತರ ವೆನಿಲ್ಲಾ ವಾಸನೆ ತೋರಿಸಿದರು. 427 ಸಲ ಮಾಡಿದರು. ಬರೀ ವೆನಿಲ್ಲಾಕ್ಕೆ ಜೊಲ್ಲು ಬರಲೇ ಇಲ್ಲ. ಆಮೇಲೆ ಅದೇ ನಾಯಿಗೆ ಬೇರೆ ಒಂದು ವಾಸನೆಯನ್ನು ಆಮ್ಲಕ್ಕಿಂತ ಮೊದಲು ತೋರಿಸಿದರು. 20 ಸಲಕ್ಕೇ ಕಲಿತುಬಿಟ್ಟಿತು. ಮಳೆ ಬಿದ್ದು ನೆನೆದ ಮೇಲೆ ಗುಡುಗಿದರೆ ಅದರಿಂದ ಯಾರಿಗೇನು ಉಪಯೋಗ? ಮೊದಲೇ ಬಂದರೆ ಮಾತ್ರ ಅದು ಸೂಚನೆ.

ಸದ್ದು ಮಾಡಿ ಊಟ ಕೊಡದೇ ಇದ್ರೆ ಎಷ್ಟು ದಿನ ಜೊಲ್ಲು ಬರುತ್ತೆ?

ದಿನಗಟ್ಟಲೆ ಬೇಕಿಲ್ಲ. ಕೆಲವು ನಿಮಿಷ ಬಿಟ್ಟು ಬಿಟ್ಟು ಬರೀ ಸದ್ದು ಕೇಳಿಸುತ್ತಾ ಹೋದರೆ ಹನಿಗಳು ಕಡಿಮೆಯಾಗುತ್ತಾ ಬಂದು ಅದೇ ದಿನ ನಿಲ್ಲಬಹುದು. ಇದಕ್ಕೆ ವಿಲೋಪನ ಎನ್ನುತ್ತಾರೆ.

ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾಯಿಗೆ ಸ್ವಲ್ಪ ಹೊತ್ತು ವಿಶ್ರಾಂತಿ ಕೊಟ್ಟು ಮತ್ತೆ ಸದ್ದು ಮಾಡಿದರೆ, ಕಲಿಸದೆಯೇ ಜೊಲ್ಲು ವಾಪಸ್ ಬರುತ್ತದೆ. ಮೊದಲಿನಷ್ಟಲ್ಲ, ಆದರೂ ಬರುತ್ತದೆ. ಇದರಿಂದ ಪಾವ್ಲೋವ್ ದೊಡ್ಡ ಮಾತೊಂದನ್ನು ಕಂಡುಕೊಂಡರು: ಹಳೆಯ ಕಲಿಕೆ ಅಳಿಸಿಹೋಗಿರಲಿಲ್ಲ. ಅದರ ಮೇಲೆ ತಡೆಯೊಂದು ಬಂದು ಕೂತಿತ್ತು. ವರ್ಷಗಟ್ಟಲೆ ಬಿಟ್ಟ ಬೀಡಿ, ಹಳೇ ಗೆಳೆಯರ ಜೊತೆ ಹಳೇ ಅಂಗಡಿ ಮುಂದೆ ನಿಂತಾಗ ಯಾಕೆ ಸೆಳೆಯುತ್ತದೆ ಎಂದು ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಅವರ ಮನಸ್ಸು ದುರ್ಬಲ ಎಂದಲ್ಲ. ಹಳೆಯದು ಒಳಗೆ ಇದ್ದೇ ಇರುತ್ತದೆ.

ಸಾಮಾನ್ಯೀಕರಣ, ವಿಭೇದೀಕರಣ ಎರಡೂ ಗೊಂದಲ. ಉದಾಹರಣೆ ಕೊಟ್ಟು ಹೇಳಿ.

ಒಂದು ಸ್ವರಕ್ಕೆ ಕಲಿಸಿದ ನಾಯಿ ಹತ್ತಿರದ ಸ್ವರಕ್ಕೂ ಜೊಲ್ಲು ಸುರಿಸುತ್ತದೆ. ಅದು ಸಾಮಾನ್ಯೀಕರಣ. ಮೊದಲ ಸ್ವರಕ್ಕೆ ಮಾತ್ರ ಊಟ ಕೊಟ್ಟು, ಪಕ್ಕದ ಸ್ವರಕ್ಕೆ ಕೊಡದೇ ಇದ್ದರೆ, ನಾಯಿ ಎರಡನ್ನೂ ಬೇರೆ ಮಾಡಲು ಕಲಿಯುತ್ತದೆ. ಅದು ವಿಭೇದೀಕರಣ.

ಇದರ ಅತ್ಯಂತ ಮನಕಲಕುವ ಉದಾಹರಣೆ 1914ರದ್ದು. ಶೆಂಗರ್-ಕ್ರೆಸ್ಟೊವ್ನಿಕೋವಾ ಎಂಬ ಸಂಶೋಧಕಿ ಒಂದು ನಾಯಿಗೆ ವೃತ್ತ ತೋರಿಸಿ ಊಟ ಕೊಟ್ಟರು, ಅಂಡಾಕಾರ ತೋರಿಸಿದಾಗ ಕೊಡಲಿಲ್ಲ. ಮೊದಲು ಅಂಡಾಕಾರದ ಉದ್ದ ಅಗಲದ ಎರಡರಷ್ಟಿತ್ತು. ನಾಯಿ ಸುಲಭವಾಗಿ ಕಲಿಯಿತು. ಆಮೇಲೆ ಅದನ್ನು ಸ್ವಲ್ಪ ಸ್ವಲ್ಪವೇ ವೃತ್ತದ ಹತ್ತಿರ ತಂದರು. ಉದ್ದ ಅಗಲ 9ಕ್ಕೆ 8 ಆದಾಗ ನಾಯಿಗೆ ಕಷ್ಟವಾಯಿತು. ಮೂರು ವಾರ ಪ್ರಯತ್ನಿಸಿದರು. ವ್ಯತ್ಯಾಸ ಗುರುತಿಸುವುದು ಸುಧಾರಿಸುವ ಬದಲು ಹದಗೆಟ್ಟಿತು. ಅದುವರೆಗೆ ಶಾಂತವಾಗಿ ನಿಲ್ಲುತ್ತಿದ್ದ ನಾಯಿ ಕಿರುಚಿತು, ಒದ್ದಾಡಿತು, ಉಪಕರಣದ ಕೊಳವೆಗಳನ್ನು ಕಚ್ಚಿ ಹರಿಯಿತು. ಹಿಂದೆ ಸುಲಭವಾಗಿದ್ದ ದೊಡ್ಡ ವ್ಯತ್ಯಾಸವೂ ಮರೆತುಹೋಗಿತ್ತು. ಊಟ ಬರುತ್ತೋ ಇಲ್ಲವೋ ಎಂಬ ಸೂಚನೆ ಓದಲಾಗದ ಸ್ಥಿತಿಯೇ ಒಂದು ಪ್ರಾಣಿಯನ್ನು ಹೀಗೆ ಒಡೆದುಹಾಕಬಲ್ಲದು. ಹೊಡೆತ ಇಲ್ಲ, ಹಸಿವೆ ಇಲ್ಲ. ಪಾವ್ಲೋವ್ ಇದನ್ನು ಪ್ರಾಯೋಗಿಕ ನರವ್ಯಾಧಿ ಎಂದು ಕರೆದರು. ಇದಾದ ಮೇಲೆ ಮನುಷ್ಯರ ಮಾನಸಿಕ ಕಾಯಿಲೆಗಳ ಕಡೆಗೂ ಅವರ ಗಮನ ತಿರುಗಿತು.

‘ಮೌನ ಗೋಪುರ’ ಅಂದ್ರೇನು?

ಪ್ರಯೋಗಕ್ಕಾಗಿಯೇ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 1910ರ ದಶಕದಲ್ಲಿ ಕಟ್ಟಿದ ಕಟ್ಟಡ. ಹೊರಗೆ ಗಾಡಿ ಹೋದರೂ, ಪ್ರಯೋಗ ಮಾಡುವವರು ಕಣ್ಣು ಮಿಟುಕಿಸಿದರೂ ನಾಯಿಯ ಜೊಲ್ಲು ಏರುಪೇರಾಗುತ್ತಿತ್ತು. ಹಾಗಾಗಿ ದಪ್ಪ ಗೋಡೆ, ಸುತ್ತ ಕಂದಕ, ಸದ್ದು ಹಾಯದ ಕೋಣೆಗಳು. ನಾಯಿ ಒಳಗೆ, ಸಂಶೋಧಕರು ಹೊರಗೆ. ದುಡ್ಡು ಬಂದದ್ದು ಲೆಡೆಂಟ್ಸೋವ್ ಎಂಬ ವ್ಯಾಪಾರಿ ಬಿಟ್ಟುಹೋದ ಆಸ್ತಿಯಿಂದ ನಡೆಯುತ್ತಿದ್ದ ಸಂಘದಿಂದ.

ಪ್ರವಾಹದಲ್ಲಿ ನಾಯಿಗಳು ಕಲಿತದ್ದೆಲ್ಲ ಮರೆತವಂತೆ, ನಿಜಾನಾ?

ನಿಜ. 1924ರ ಸೆಪ್ಟೆಂಬರ್ 23ರಂದು ನೆವಾ ನದಿ ಉಕ್ಕಿ ಲೆನಿನ್‌ಗ್ರಾಡ್ (ಸೇಂಟ್ ಪೀಟರ್ಸ್‌ಬರ್ಗ್‌ನ ಆಗಿನ ಹೆಸರು) ಮುಳುಗಿತು. ನಾಯಿಗಳ ಗೂಡುಗಳಿಗೆ ನೀರು ನುಗ್ಗಿತು. ಆಳುಗಳು ಬಂದು ಅವುಗಳನ್ನು ಈಜಿಸಿಕೊಂಡು ಮುಖ್ಯ ಕಟ್ಟಡಕ್ಕೆ ತಂದರು. ಜೀವ ಉಳಿಯಿತು. ಆದರೆ ಕೆಲವು ನಾಯಿಗಳಲ್ಲಿ ಅಷ್ಟು ಗಟ್ಟಿಯಾಗಿದ್ದ ಪ್ರತಿವರ್ತನೆಗಳು ಮಾಯವಾಗಿದ್ದವು. ಅವುಗಳನ್ನು ತಾಳ್ಮೆಯಿಂದ ಮತ್ತೆ ತರಬೇಕಾಯಿತು. ಒಂದು ನಾಯಿ ಸರಿಹೋದ ಮೇಲೆ, ಬಾಗಿಲ ಕೆಳಗಿಂದ ಸ್ವಲ್ಪವೇ ನೀರು ಹರಿದುಬರುವಂತೆ ಮಾಡಿದರು. ಅದು ಮತ್ತೆ ತತ್ತರಿಸಿತು. ಎಲ್ಲ ನಾಯಿಗಳೂ ಹೀಗಾಗಲಿಲ್ಲ ಎಂಬುದನ್ನೂ ಪಾವ್ಲೋವ್ ಗಮನಿಸಿದರು. ಒಂದೇ ಆಘಾತ, ಬೇರೆ ಬೇರೆ ಪರಿಣಾಮ. ನಾಯಿಗಳ ಸ್ವಭಾವಭೇದ ಅವರ ಮುಂದಿನ ಕೆಲಸದ ದೊಡ್ಡ ಪಾಲಾಯಿತು.

ನೆರೆ ಕಂಡ ಊರುಗಳಲ್ಲಿ ಈ ಕಥೆ ಹೇಳಿದರೆ ಕೋಣೆ ಮೌನವಾಗುತ್ತದೆ. ಮಳೆಯ ಸದ್ದಿಗೆ ಎದ್ದು ಕೂರುವ ಮಕ್ಕಳನ್ನು ಅಲ್ಲಿನ ಅಮ್ಮಂದಿರು ನೋಡಿರುತ್ತಾರೆ.

ಇದೆಲ್ಲ ನಾಯಿಗಳಿಗೆ ಹಿಂಸೆ ಅಲ್ವಾ? ಕೇಳೋಕೇ ಕಷ್ಟ ಆಗುತ್ತೆ.

ಹಿಂಸೆ ಇತ್ತು. ಅದನ್ನು ಮುಚ್ಚಿಡುವುದು ಸರಿಯಲ್ಲ. ಜಠರದ ಶಸ್ತ್ರಚಿಕಿತ್ಸೆ ಕೈಗೂಡುವ ಮೊದಲು ನಾಯಿಗಳು ಸತ್ತವು. ಆಮ್ಲ, ವಿದ್ಯುತ್ ಆಘಾತ, ಮೆದುಳಿನ ಭಾಗ ತೆಗೆಯುವುದು, ಎಲ್ಲವೂ ನಡೆಯಿತು. ಇಂದಾಗಿದ್ದರೆ ಎಷ್ಟೋ ಪ್ರಯೋಗಗಳಿಗೆ ಅನುಮತಿ ಸಿಗುತ್ತಿರಲಿಲ್ಲ. ಸಿಗಬಾರದು ಎಂದೇ ನನ್ನ ಅಭಿಪ್ರಾಯ.

ಆ ಕಾಲದ ರೂಢಿಗೆ ಹೋಲಿಸಿದರೆ ಒಂದು ವ್ಯತ್ಯಾಸ ಇತ್ತು. ಬೇರೆ ಕಡೆ ಪ್ರಾಣಿಯನ್ನು ಮೇಜಿನ ಮೇಲೆ ಕತ್ತರಿಸಿ, ಸಾಯುವ ಮೊದಲು ಸಿಕ್ಕಷ್ಟು ನೋಡುತ್ತಿದ್ದರು. ಪಾವ್ಲೋವ್ ಅರಿವಳಿಕೆ ಕೊಟ್ಟು, ಆಸ್ಪತ್ರೆಯಂಥದೇ ಶುಚಿಯಾದ ಕೋಣೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿ, ಗಾಯ ಮಾಯುವವರೆಗೆ ಆರೈಕೆ ಮಾಡಿಸುತ್ತಿದ್ದರು. ನೋವಿನಲ್ಲಿರುವ ಪ್ರಾಣಿಯಿಂದ ಸಹಜ ಸ್ಥಿತಿಯ ಸತ್ಯ ಸಿಗುವುದಿಲ್ಲ ಎಂಬುದು ಅವರ ನಂಬಿಕೆ. ನಾಯಿಗಳು ವರ್ಷಗಟ್ಟಲೆ ಬದುಕಿದವು, ಹೆಸರು ಹಿಡಿದು ಕರೆದರೆ ಬರುತ್ತಿದ್ದವು. ಒಂದರ ಹೆಸರು ದ್ರುಝೋಕ್, ಪುಟ್ಟ ಗೆಳೆಯ ಎಂದರ್ಥ. 1935ರಲ್ಲಿ ಸಂಸ್ಥೆಯ ತೋಟದಲ್ಲಿ ನಾಯಿಗೆ ಒಂದು ಸ್ಮಾರಕ ಎದ್ದಿತು. ಮನುಷ್ಯನ ಹಳೆಯ ಗೆಳೆಯನಾದ ನಾಯಿ ವಿಜ್ಞಾನಕ್ಕೆ ಬಲಿಯಾಗಬೇಕಾಗಿ ಬಂದರೂ ಅನಗತ್ಯ ಯಾತನೆ ಇರಬಾರದು ಎಂಬ ಅರ್ಥದ ಪಾವ್ಲೋವ್ ಮಾತು ಅಲ್ಲಿದೆ. ಅದನ್ನು ಓದಿದರೂ ಮನಸ್ಸು ಪೂರ್ತಿ ಸಮಾಧಾನವಾಗುವುದಿಲ್ಲ. ಆಗಬೇಕಾಗಿಯೂ ಇಲ್ಲ.

## ಸ್ವಲ್ಪ ಆಳಕ್ಕೆ

ಪಾವ್ಲೋವ್ ಕಮ್ಯುನಿಸ್ಟ್ ಆಗಿದ್ರಾ?

ಇಲ್ಲ. ಕ್ರಾಂತಿಯ ನಂತರ ಹಸಿವು, ಚಳಿಯಲ್ಲಿ ಪ್ರಯೋಗಾಲಯ ನಿಂತುಹೋಗುವ ಸ್ಥಿತಿ ಬಂದಾಗ 1920ರಲ್ಲಿ ದೇಶ ಬಿಡಲು ಅನುಮತಿ ಕೇಳಿದರು. ಲೆನಿನ್ ಬಿಡಲಿಲ್ಲ. ಬದಲಿಗೆ 1921ರ ಜನವರಿಯಲ್ಲಿ ಆದೇಶ ಹೊರಡಿಸಿ ಅವರಿಗೆ ವಿಶೇಷ ಪಡಿತರ ಮತ್ತು ಸವಲತ್ತು ಕೊಟ್ಟರು. ಮುಂದೆ ಲೆನಿನ್‌ಗ್ರಾಡ್ ಹತ್ತಿರದ ಕೋಲ್ಟುಶಿಯಲ್ಲಿ ಸೋವಿಯತ್ ಸರ್ಕಾರ ವಿಜ್ಞಾನದ ಊರನ್ನೇ ಕಟ್ಟಿಕೊಟ್ಟಿತು. ಇಷ್ಟಾದರೂ ಪಾವ್ಲೋವ್ ಬಾಯಿ ಮುಚ್ಚಿಕೊಂಡಿರಲಿಲ್ಲ. ಪಾದ್ರಿಗಳ ಮಕ್ಕಳನ್ನು ಮಿಲಿಟರಿ ವೈದ್ಯಕೀಯ ಅಕಾಡೆಮಿಯಿಂದ ಹೊರಹಾಕಿದಾಗ, ನಾನೂ ಪಾದ್ರಿಯ ಮಗನೇ ಎಂದು ತಮ್ಮ ಪ್ರಾಧ್ಯಾಪಕ ಹುದ್ದೆ ಬಿಟ್ಟರು. 1934ರ ಕೊನೆಯಲ್ಲಿ ಸರ್ಕಾರಕ್ಕೇ ಪತ್ರ ಬರೆದು ಭಯದ ಆಳ್ವಿಕೆಯನ್ನು ಖಂಡಿಸಿದರು. ಸ್ಟಾಲಿನ್ ಕಾಲದಲ್ಲಿ ಹಾಗೆ ಬರೆದು ಉಳಿದವರು ಬಹಳ ಕಡಿಮೆ.

ಇವರಿಗಿಂತ ಮೊದಲೇ ಅಮೆರಿಕದಲ್ಲಿ ಒಬ್ಬರು ಕಂಡುಹಿಡಿದಿದ್ರಂತೆ?

ಅದೇ ಹೊತ್ತಿಗೆ, ಬೇರೆಯಾಗಿಯೇ ಕಂಡವರು ಎಡ್ವಿನ್ ಟ್ವಿಟ್‌ಮೈಯರ್. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಮಂಡಿಗೆ ಸುತ್ತಿಗೆ ತಾಗಿದಾಗ ಕಾಲು ಒದೆಯುವುದನ್ನು ಅವರು ಅಧ್ಯಯನ ಮಾಡುತ್ತಿದ್ದರು. ಸುತ್ತಿಗೆ ಬೀಳುವ ಮೊದಲು ಎಚ್ಚರಿಕೆಗೆ ಗಂಟೆ ಬಾರಿಸುತ್ತಿದ್ದರು. ಒಮ್ಮೆ ಗಂಟೆ ಹೊಡೆಯಿತು, ಸುತ್ತಿಗೆ ಬೀಳಲಿಲ್ಲ, ಆದರೂ ಕಾಲು ಒದೆಯಿತು. 1902ರ ಪ್ರಬಂಧದಲ್ಲಿ ಇದನ್ನು ಬರೆದರು. 1904ರಲ್ಲಿ ಮನಶ್ಶಾಸ್ತ್ರಜ್ಞರ ಸಭೆಯಲ್ಲಿ ಹೇಳಿದರು. ಯಾರೂ ಕಿವಿಗೊಡಲಿಲ್ಲ, ಅವರೂ ಮುಂದುವರಿಸಲಿಲ್ಲ. ಪಾವ್ಲೋವ್‌ಗೆ ಇದ್ದದ್ದು ಮೂವತ್ತು ವರ್ಷ ಬಿಡದೆ ಹಿಡಿಯುವ ಹಠ ಮತ್ತು ದೊಡ್ಡ ಶಿಷ್ಯಬಳಗ.

ಸ್ಕಿನ್ನರ್‌ಗೂ ಪಾವ್ಲೋವ್‌ಗೂ ವ್ಯತ್ಯಾಸ ಏನು? ಟಿಇಟಿಯಲ್ಲಿ ಕೇಳೇ ಕೇಳ್ತಾರೆ.

ಪಾವ್ಲೋವ್ ನಾಯಿ ಏನೂ ಮಾಡದೇ ನಿಂತಿದ್ದರೂ ಊಟ ಬರುತ್ತದೆ. ಅದು ಸೂಚನೆ ಓದುತ್ತದೆ ಅಷ್ಟೇ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಇಲಿ ಸನ್ನೆಕೋಲು ಒತ್ತಿದರೆ ಮಾತ್ರ ಊಟ. ಅಲ್ಲಿ ತಾನು ಮಾಡಿದ್ದರ ಫಲದಿಂದ ಕಲಿಕೆ. ಮೊದಲನೆಯದು ಶಾಸ್ತ್ರೀಯ ಅನುಬಂಧನ, ಎರಡನೆಯದು ಕ್ರಿಯಾಜನ್ಯ ಅನುಬಂಧನ.

ಭಯವೂ ಹೀಗೇ ಬರುತ್ತಾ? ನಮ್ಮನೆ ನಾಯಿ ದೀಪಾವಳಿ ಪಟಾಕಿಗೆ ನಡುಗುತ್ತೆ, ಏನಾದ್ರೂ ಮಾಡಬಹುದಾ?

ದೊಡ್ಡ ಸದ್ದಿಗೆ ಬೆಚ್ಚುವುದು ಸಹಜ. ಆದರೆ ಆ ಸದ್ದಿನ ಜೊತೆ ಬಂದ ವಾಸನೆ, ಬೆಳಕು, ಸಂಜೆಯ ಹೊತ್ತು ಇವೆಲ್ಲವೂ ಭಯದ ಸೂಚನೆಗಳಾಗಬಹುದು. 1920ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಮತ್ತು ರೊಸಾಲಿ ರೇನರ್ ಸುಮಾರು 11 ತಿಂಗಳ ಮಗುವಿನ ಮೇಲೆ ಇದನ್ನು ಮಾಡಿನೋಡಿದರು. ಮಗು ಬಿಳಿ ಇಲಿ ಮುಟ್ಟಿದಾಗಲೆಲ್ಲ ಹಿಂದಿನಿಂದ ಕಬ್ಬಿಣದ ಸರಳಿಗೆ ಸುತ್ತಿಗೆಯಿಂದ ಹೊಡೆದರು. ಮಗು ಇಲಿಗೆ ಹೆದರಿತು, ಆಮೇಲೆ ಮೊಲಕ್ಕೂ ಹೆದರಿತು. ಆ ಭಯವನ್ನು ಬಿಡಿಸದೆಯೇ ಮಗುವನ್ನು ಕಳಿಸಿದರು. ಇದು ನನ್ನ ಮಟ್ಟಿಗೆ ಕ್ಷಮಿಸಲಾಗದ್ದು.

ನಾಲ್ಕು ವರ್ಷದ ನಂತರ ಮೇರಿ ಕವರ್ ಜೋನ್ಸ್ ಇದರ ತಿರುಗುಮುರುಗು ಮಾಡಿದರು. ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗ ಇಷ್ಟದ ತಿಂಡಿ ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿಟ್ಟು, ದಿನದಿಂದ ದಿನಕ್ಕೆ ಹತ್ತಿರ ತಂದರು. ಕೊನೆಗೆ ಹುಡುಗ ಮೊಲವನ್ನು ನೇವರಿಸಿದ. ಇಂದಿನ ವರ್ತನಾ ಚಿಕಿತ್ಸೆಯ ಒಂದು ಬೇರು ಇಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಭಯದ ಕಾಯಿಲೆಗಳಿಗೆ ಈ ಬಗೆಯ ಚಿಕಿತ್ಸೆ ಕೊಡುತ್ತಾರೆ.

ನಿಮ್ಮ ನಾಯಿಗೂ ದಾರಿ ಇದೇ. ಹಬ್ಬಕ್ಕೆ ತಿಂಗಳುಗಳ ಮೊದಲೇ ಪಟಾಕಿ ಸದ್ದಿನ ಧ್ವನಿಮುದ್ರಣವನ್ನು ಬಹಳ ಮೆಲ್ಲಗೆ ಹಾಕಿ. ಸದ್ದು ಮೊದಲು, ಕೂಡಲೇ ಅದಕ್ಕೆ ಪ್ರಾಣವಾದ ತಿಂಡಿ. ನಾಯಿ ಹಾಯಾಗಿದ್ದರೆ ಮಾತ್ರ ಕೆಲವು ದಿನದ ನಂತರ ಸದ್ದು ಒಂಚೂರು ಏರಿಸಿ. ನಡುಗಿದರೆ ನೀವು ಅವಸರ ಮಾಡಿದ್ದೀರಿ ಎಂದರ್ಥ, ಹಿಂದೆ ಹೋಗಿ. ಭಯ ವಿಪರೀತವಾಗಿದ್ದರೆ ಪಶುವೈದ್ಯರನ್ನು ಕಾಣಿ.

ಯಾವ ಸೂಚನೆಯನ್ನು ಯಾವುದಕ್ಕೆ ಬೇಕಾದ್ರೂ ಜೋಡಿಸಬಹುದಾ?

ಪಾವ್ಲೋವ್ ಹೆಚ್ಚುಕಡಿಮೆ ಹಾಗೇ ಅಂದುಕೊಂಡಿದ್ದರು. ಅದು ಪೂರ್ತಿ ಸರಿಯಲ್ಲ. 1966ರಲ್ಲಿ ಜಾನ್ ಗಾರ್ಸಿಯಾ ಮತ್ತು ಕೋಲಿಂಗ್ ಇಲಿಗಳಿಗೆ ಸಿಹಿ ರುಚಿಯ ನೀರನ್ನು ಕೊಟ್ಟರು, ಕುಡಿಯುವಾಗ ಬೆಳಕು ಮಿನುಗಿ ಸದ್ದೂ ಆಗುತ್ತಿತ್ತು. ಆಮೇಲೆ ಕೆಲವಕ್ಕೆ ಹೊಟ್ಟೆ ಕೆಡಿಸಿದರು, ಕೆಲವಕ್ಕೆ ವಿದ್ಯುತ್ ಆಘಾತ ಕೊಟ್ಟರು. ಕೊನೆಗೆ ರುಚಿಯನ್ನೂ ಬೆಳಕು ಸದ್ದನ್ನೂ ಬೇರೆ ಬೇರೆಯಾಗಿ ಕೊಟ್ಟು ನೋಡಿದರು. ಹೊಟ್ಟೆ ಕೆಟ್ಟ ಇಲಿಗಳು ರುಚಿಯನ್ನು ದೂರ ಇಟ್ಟವು, ಬೆಳಕು ಸದ್ದಿಗೆ ಕೇರ್ ಮಾಡಲಿಲ್ಲ. ವಿದ್ಯುತ್ ಆಘಾತ ತಿಂದ ಇಲಿಗಳು ಬೆಳಕು ಸದ್ದಿಗೆ ಹೆದರಿದವು, ರುಚಿಯನ್ನು ಲೆಕ್ಕಕ್ಕಿಡಲಿಲ್ಲ. ಹೊಟ್ಟೆನೋವಿಗೆ ತಿಂದದ್ದೇ ಕಾರಣ ಎಂದು ದೇಹ ಮೊದಲೇ ತಯಾರಾಗಿ ಬಂದಿದೆ. ಅದೂ ತಿಂದು ಗಂಟೆಗಳಾದ ಮೇಲೆ ಹೊಟ್ಟೆ ಕೆಟ್ಟರೂ, ಒಂದೇ ಸಲಕ್ಕೆ ಕಲಿಯುತ್ತದೆ. ಒಮ್ಮೆ ವಾಂತಿ ಮಾಡಿಸಿದ ತಿಂಡಿಯನ್ನು ವರ್ಷಾನುಗಟ್ಟಲೆ ಮುಟ್ಟದವರು ಎಷ್ಟು ಜನ ಇಲ್ಲ!

ಎರಡು ಸಂಗತಿ ಜೊತೆಗೆ ಬಂದ್ರೆ ಸಾಕಾ, ಕಲಿಕೆ ಆಗಿಬಿಡುತ್ತಾ?

ಸಾಲದು. 1960ರ ದಶಕದ ಕೊನೆಗೆ ಲಿಯಾನ್ ಕಾಮಿನ್ ಇಲಿಗಳಿಗೆ ಮೊದಲು ಒಂದು ಸದ್ದಿನ ನಂತರ ಆಘಾತ ಕೊಟ್ಟರು. ಅದು ಗಟ್ಟಿಯಾದ ಮೇಲೆ ಸದ್ದು ಮತ್ತು ಬೆಳಕು ಎರಡನ್ನೂ ಒಟ್ಟಿಗೆ ತೋರಿಸಿ ಆಘಾತ ಕೊಟ್ಟರು. ಆಮೇಲೆ ಬರೀ ಬೆಳಕು ತೋರಿಸಿದರೆ ಇಲಿಗಳು ಹೆಚ್ಚೇನೂ ಹೆದರಲಿಲ್ಲ. ಬೆಳಕು ಆಘಾತದ ಜೊತೆ ಎಷ್ಟೋ ಸಲ ಬಂದಿತ್ತು, ಆದರೆ ಸದ್ದು ಆಗಲೇ ಹೇಳಿದ್ದಕ್ಕಿಂತ ಹೊಸದೇನನ್ನೂ ಅದು ಹೇಳಿರಲಿಲ್ಲ.

ಇದನ್ನು ರಾಬರ್ಟ್ ರೆಸ್ಕೋರ್ಲಾ ಮತ್ತು ಅಲನ್ ವ್ಯಾಗ್ನರ್ 1972ರಲ್ಲಿ ಸಮೀಕರಣವಾಗಿ ಬರೆದರು. ಅದರ ಸಾರ ಇಷ್ಟೇ: ಪ್ರಾಣಿ ಕಲಿಯುವುದು ಅಚ್ಚರಿಯಾದಾಗ. ಅಂದುಕೊಂಡದ್ದಕ್ಕೂ ಆದದ್ದಕ್ಕೂ ಅಂತರ ಇದ್ದಷ್ಟು ಕಲಿಕೆ ಜಾಸ್ತಿ. ಅಂತರ ಸೊನ್ನೆಯಾದರೆ ಕಲಿಕೆ ನಿಲ್ಲುತ್ತದೆ. ಪಾವ್ಲೋವ್ ನಾಯಿಗಳೆಂದರೆ ಯೋಚನೆಯಿಲ್ಲದೆ ಕುಣಿಯುವ ಗೊಂಬೆಗಳು ಎಂದು ಬೈಗುಳದಂತೆ ಬಳಸುವವರಿಗೆ ಇದನ್ನು ವಿವರಿಸಲು ನಾನು ತುಂಬ ಪ್ರಯತ್ನಪಡುತ್ತೇನೆ. ಆ ನಾಯಿ ಜಗತ್ತನ್ನು ಓದುತ್ತಿತ್ತು.

ಔಷಧಿ, ಮಾದಕವಸ್ತು ವಿಷಯದಲ್ಲೂ ಇದು ಕೆಲಸ ಮಾಡುತ್ತಾ?

ಮಾಡುತ್ತದೆ, ಮತ್ತು ಇದು ಜೀವ ಉಳಿಸುವ ಮಾಹಿತಿ. ಕೀಮೊಥೆರಪಿ ತೆಗೆದುಕೊಳ್ಳುವ ಕೆಲವರಿಗೆ ಔಷಧಿ ಕೊಡುವ ಮೊದಲೇ, ಆಸ್ಪತ್ರೆಯ ವಾಸನೆಗೇ ಓಕರಿಕೆ ಬರುತ್ತದೆ. ಅದು ನಾಟಕವಲ್ಲ. ಮನೆಯವರು ದಯವಿಟ್ಟು ಬೈಯಬೇಡಿ, ವೈದ್ಯರಿಗೆ ಹೇಳಿ.

ಹೆರಾಯಿನ್‌ನಂಥ ವಸ್ತುವಿನಲ್ಲಿ ದೇಹ ಎದುರು ದಿಕ್ಕಿಗೆ ಸಿದ್ಧವಾಗುತ್ತದೆ. ಎಂದಿನ ಕೋಣೆ, ಎಂದಿನ ಹೊತ್ತು ಕಂಡಾಗ ವಿಷದ ಪರಿಣಾಮವನ್ನು ತಡೆಯುವ ತಯಾರಿ ಮೊದಲೇ ಶುರುವಾಗುತ್ತದೆ. ಶೆಪರ್ಡ್ ಸೀಗಲ್ 1982ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಅಷ್ಟೇ ಪ್ರಮಾಣದ ಹೆರಾಯಿನ್ ಅನ್ನು ಹೊಸ ಜಾಗದಲ್ಲಿ ಪಡೆದ ಇಲಿಗಳು ಹಳೆಯ ಜಾಗದಲ್ಲಿ ಪಡೆದವುಗಳಿಗಿಂತ ಹೆಚ್ಚು ಸತ್ತವು. ಸೂಚನೆ ಇರಲಿಲ್ಲ, ದೇಹ ಸಿದ್ಧವಾಗಿರಲಿಲ್ಲ.

ಮೆದುಳಲ್ಲಿ ಇದು ಎಲ್ಲಿ ನಡೆಯುತ್ತೆ ಅಂತ ಈಗ ಗೊತ್ತಾಗಿದೆಯಾ?

ಸಾಕಷ್ಟು ಗೊತ್ತಾಗಿದೆ. ಎರಿಕ್ ಕ್ಯಾಂಡೆಲ್ ಅವರು ಅಪ್ಲೀಸಿಯಾ ಎಂಬ ಕಡಲ ಬಸವನಹುಳುವನ್ನು ಆರಿಸಿಕೊಂಡರು. ಅದರ ನರಕೋಶಗಳು ದೊಡ್ಡವು, ಎಣಿಸಬಹುದಾದಷ್ಟು ಕಡಿಮೆ. ಆ ಪ್ರಾಣಿ ಕೂಡ ಅನುಬಂಧ ಕಲಿಯುತ್ತದೆ. ಕಲಿತಾಗ ಎರಡು ನರಕೋಶಗಳ ನಡುವಿನ ಕೊಂಡಿ ಬಲವಾಗುತ್ತದೆ. ನೆನಪಿನ ಈ ಕೆಲಸಕ್ಕೆ 2000ದಲ್ಲಿ ನೊಬೆಲ್ ಬಂತು.

ಇನ್ನೊಂದು ಕೆಲಸ ವುಲ್ಫ್ರಾಮ್ ಶುಲ್ಟ್ಸ್ ಅವರದು. ಕೋತಿಗಳ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುವ ಕೋಶಗಳ ಮಿಡಿತವನ್ನು ಅವರು ಅಳೆದರು. ಮೊದಲು ಹಣ್ಣಿನ ರಸ ಬಾಯಿಗೆ ಬಿದ್ದಾಗ ಕೋಶ ಜೋರಾಗಿ ಮಿಡಿಯಿತು. ಸೂಚನೆ ಕೊಟ್ಟು ರಸ ಕೊಡುವುದು ರೂಢಿಯಾದ ಮೇಲೆ ಮಿಡಿತ ಸೂಚನೆಯ ಹೊತ್ತಿಗೇ ಸರಿಯಿತು. ರಸ ಬಂದಾಗ ಏನೂ ಇಲ್ಲ, ಅದು ಗೊತ್ತಿದ್ದದ್ದೇ ತಾನೇ. ಒಂದು ಸಲ ಸೂಚನೆ ಕೊಟ್ಟು ರಸ ಕೊಡಲಿಲ್ಲ. ರಸ ಬರಬೇಕಿದ್ದ ಸರಿಯಾದ ಕ್ಷಣಕ್ಕೆ ಕೋಶ ಮಿಡಿಯುವುದನ್ನೇ ಕಡಿಮೆ ಮಾಡಿತು. ಪಾವ್ಲೋವ್ ಕೆನ್ನೆಯ ಹೊರಗೆ ಹನಿ ಎಣಿಸುತ್ತಾ ಕೂತಿದ್ದ ಕಾಯುವಿಕೆ ಇಲ್ಲಿ ಒಂದೇ ಒಂದು ಕೋಶದಲ್ಲಿ ಕಾಣಿಸುತ್ತದೆ.